ನಮ್ಮ ಹುಡುಗರ ಗೇಮ್ ಮಾತ್ರ ಯಾಕೆ ಕಣ್ಣಿಗೆ ಚುಚ್ಚುತ್ತದೆ?



ಕಳೆದ ಭಾನುವಾರದ ಸಭೆಯಲ್ಲಿ ಒಂದು ಠರಾವು ಬಂತು. "ಕಾಲನಿಯ ಯುವಕರನ್ನು ಮೊಬೈಲ್ ಗೇಮ್ ಚಟದಿಂದ ಬಿಡಿಸಲು ಜಾಗೃತಿ ಅಭಿಯಾನ." ಎಲ್ಲರೂ ಕೈ ಎತ್ತಿದರು. ನಾನು ಎತ್ತಲಿಲ್ಲ. ಯಾಕೆ ಅಂತ ಹೇಳ್ಲಿಕ್ಕೆ ಎರಡು ನಿಮಿಷ ಸಿಕ್ಕಿತು, ಅದರಲ್ಲಿ ಒಂದು ನಿಮಿಷ ಮೈಕ್ ಸರಿ ಇರಲಿಲ್ಲ. ಹಾಗಾಗಿ ಇಲ್ಲಿ ಬರೀತಿದ್ದೇನೆ. ಉದ್ದ ಆಗ್ತದೆ, ಬೈಯುವವರು ಪೂರ್ತಿ ಓದಿ ಬೈಯಿರಿ.

ಮೊದಲು ಯಾರ ಬಗ್ಗೆ ಮಾತಾಡ್ತಿದ್ದೇವೆ ಅಂತ ನೋಡುವ. ಬಜಪೆಯಲ್ಲಿ ನಮ್ಮ ಕಡೆಯ ಒಬ್ಬ ಹುಡುಗ, ಹೆಸರು ಬೇಡ. ಇಪ್ಪತ್ತೆರಡು ವರ್ಷ, ಪಿಯುಸಿ ಆಗಿದೆ. ಬೆಳಿಗ್ಗೆ ಐದೂವರೆಗೆ ಕಾಂಟ್ರಾಕ್ಟ್ ಕ್ಲೀನಿಂಗ್ ಕೆಲಸಕ್ಕೆ ಮನೆ ಬಿಡ್ತಾನೆ. ಫೋನ್ ಅವನದ್ದಲ್ಲ. 2020ರಲ್ಲಿ ತಂಗಿಯ ಆನ್‌ಲೈನ್ ಕ್ಲಾಸಿಗೆ ಅಂತ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಕೊಂಡದ್ದು, ಡಿಸ್‌ಪ್ಲೇ ಮೂಲೆಯಲ್ಲಿ ಒಡೆದಿದೆ. ರಾತ್ರಿ ಹತ್ತಕ್ಕೆ ತಂಗಿ ಓದಿ ಮುಗಿಸಿದ ಮೇಲೆ ಅದು ಅವನ ಕೈಗೆ ಬರ್ತದೆ, ಆ ದಿನದ ಡೇಟಾದಲ್ಲಿ ಎಷ್ಟು ಉಳಿದಿದೆಯೋ ಅಷ್ಟರ ಸಮೇತ. ಮನೆಯೊಳಗೆ ನೆಟ್‌ವರ್ಕ್ ಹಿಡಿಯುವುದಿಲ್ಲ. ಮೋರಿಕಟ್ಟೆಯ ಮೇಲೆ ನಾಲ್ಕು ಜನ ಕೂತು ಒಂದೂವರೆ ಗಂಟೆ ಫ್ರೀ ಫೈರ್ ಮ್ಯಾಕ್ಸ್ ಆಡ್ತಾರೆ. ನಾವು ಠರಾವು ಪಾಸ್ ಮಾಡಿದ್ದು ಈ ಒಂದೂವರೆ ಗಂಟೆಯ ವಿರುದ್ಧ. ಇದೇ ಒಂದೂವರೆ ಗಂಟೆ ಆಫೀಸಿನಲ್ಲಿ ನಮ್ಮ ಮೇಲಿನವರ ಮಗ ಆಡಿದರೆ ಅದರ ಹೆಸರು ಇ-ಸ್ಪೋರ್ಟ್ಸ್.

ಎರಡು ತಿಂಗಳಿಗೊಮ್ಮೆ ಅವನಿಗೆ ಹಬ್ಬ. ಸ್ಕ್ವಾಡ್‌ನ ಒಬ್ಬ ಬ್ಯಾರಿ ಹುಡುಗನ ಅಣ್ಣ ದುಬೈಯಿಂದ ತಂದ ಹಳೆ ಪ್ಲೇಸ್ಟೇಷನ್ ಒಂದುಂಟು. ಶನಿವಾರ ಸಂಜೆ ಕೊಟ್ಟರೆ ಸೋಮವಾರ ಬೆಳಿಗ್ಗೆ ವಾಪಸ್. ಟವಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತರ್ತಾನೆ. ಡಿಸ್ಕ್ ಎರಡೇ, ಒಂದು ಫುಟ್‌ಬಾಲ್, ಒಂದು ಕಾರಿನದ್ದು. ಪಕ್ಕದ ಮನೆಯ ಟಿವಿಗೆ ಸಿಕ್ಕಿಸಿ ಕಾಲನಿಯ ಮಕ್ಕಳೆಲ್ಲ ಸಾಲಿನಲ್ಲಿ ಕೂರ್ತಾರೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ತಂಗಿ ವಾಚ್ ಹಿಡಿದು ಕೂತಿರ್ತಾಳೆ, ಅಣ್ಣನಿಗೂ ಹನ್ನೊಂದನೇ ನಿಮಿಷ ಕೊಡುವುದಿಲ್ಲ. ನಮ್ಮ ಸಭೆಗಳಲ್ಲಿ ಇಷ್ಟು ಶಿಸ್ತು ನಾನು ನೋಡಿಲ್ಲ ಮಾರಾಯ್ರೆ.

ನನ್ನ ಕಾಲದಲ್ಲಿ ಎರವಲು ಕೂಡ ಇರಲಿಲ್ಲ. ತೊಂಬತ್ತರ ದಶಕದ ಶುರು, ಟಿವಿಗೆ ಹಾಕುವ ವಿಡಿಯೋ ಗೇಮ್ ಬಂದಿತ್ತು, ಮಾರಿಯೋ, ಕಾಂಟ್ರಾ. ಕ್ಯಾಸೆಟ್ ಅಂತಿದ್ದೆವು ಅದಕ್ಕೆ. ಊರಿನ ಒಂದು ದೊಡ್ಡ ಮನೆಯಲ್ಲಿತ್ತು. ಆ ಮನೆಯ ಹುಡುಗ ನನ್ನದೇ ಕ್ಲಾಸು. ಬೇರೆಯವರಿಗೆ ಕ್ಯಾಸೆಟ್ ಮನೆಗೆ ಕೊಂಡುಹೋಗ್ಲಿಕ್ಕೆ ಕೊಡ್ತಿದ್ದ. ನಾನು ಕಿಟಕಿಯ ಹೊರಗೆ ನಿಂತು ನೋಡಬಹುದಿತ್ತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕಿಟಕಿ ಎಲ್ಲಿದೆ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಟದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದು ಈ ತುಳುನಾಡಿನಲ್ಲಿ ಮೊಬೈಲ್ ಬರುವ ಎಷ್ಟೋ ಮೊದಲೇ ತೀರ್ಮಾನ ಆಗಿತ್ತು. ಕಂಬಳದ ಹಿಂದಿನ ರಾತ್ರಿ ಕೊರಗರು ಕರೆಯ ಪಕ್ಕ ಇಬ್ಬನಿಯಲ್ಲಿ ಡೋಲು ಬಾರಿಸುತ್ತಾ ಕೂರಬೇಕಿತ್ತು, ಪನಿಕುಲ್ಲುನೆ ಅಂತ ಅದಕ್ಕೆ ಹೆಸರು. ಮರುದಿನದ ಆಟ, ಬಹುಮಾನ, ಜೈಕಾರ ಇನ್ನೊಬ್ಬರದ್ದು. ಇಂಥದ್ದನ್ನೆಲ್ಲ ನಿಲ್ಲಿಸಲಿಕ್ಕೆ ಅಜಲು ನಿಷೇಧ ಕಾಯ್ದೆ ಬರುವಾಗ 2000 ಇಸವಿ ಆಗಿತ್ತು. ಇಂಥ ಊರಿನಲ್ಲಿ ನಮ್ಮ ಹುಡುಗ ರಾತ್ರಿ ತನಗೋಸ್ಕರ ಆಡ್ತಾನೆ ಅಂದರೆ ಅಭಿಯಾನ ಮಾಡಿ ನಿಲ್ಲಿಸುವವರು ನಾವೇ ಆಗಬೇಕಾ?

"ಅವನಿಗೆ ರಾಜಕೀಯ ಪ್ರಜ್ಞೆ ಇಲ್ಲ" ಅಂತ ಒಬ್ಬ ಹಿರಿಯರು ಹೇಳಿದರು. ಅದಕ್ಕೆ ಒಂದು ರಾತ್ರಿಯ ಕತೆ ಹೇಳ್ತೇನೆ. 2024ರ ಏಪ್ರಿಲ್ 25. ಮರುದಿನ ನಮ್ಮ ಜಿಲ್ಲೆಯಲ್ಲಿ ಲೋಕಸಭೆಗೆ ಮತದಾನ. ಕತ್ತಲ ರಾತ್ರಿ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೋರಿಕಟ್ಟೆಯ ಹತ್ತಿರ ಬೈಕ್ ಬಂದು ನಿಂತಿತು. ಎರಡು ಗಂಟೆ ಕೆಲಸ, ಪೆಟ್ರೋಲು, ಊಟ, ಮೇಲಿಂದ ಕೈಗೆ ಇಷ್ಟು. ಇವ ತಲೆ ಎತ್ತದೆ ಹೇಳಿದ್ದು: "ಅಣ್ಣ, ಮ್ಯಾಚ್ ನಡೀತಾ ಉಂಟು, ಬಿಟ್ಟರೆ ರ‍್ಯಾಂಕ್ ಹೋಗ್ತದೆ." ಬೈಕ್ ಹೋಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಮತ ಹಾಕಿ ಕೆಲಸಕ್ಕೆ ಓಡಿದ. ಜೂನ್ 4ಕ್ಕೆ ಸುರತ್ಕಲ್ ಎನ್‌ಐಟಿಕೆಯಲ್ಲಿ ಎಣಿಕೆ ಆಯ್ತು. ಆ ಸಂಜೆ ಬಿಸಿಲು ಮಳೆ ನೋಡದೆ ಯಾರ‍್ಯಾರದ್ದೋ ಬಾವುಟ ಹಿಡಿದು ಕುಣಿದವರಲ್ಲಿ ನಮ್ಮ ಹುಡುಗರೂ ಇದ್ದರು. ಅವರ ವಿರುದ್ಧ ನಾವು ಯಾವ ಠರಾವೂ ಪಾಸ್ ಮಾಡಿಲ್ಲ. ಫಲಿತಾಂಶದ ರಾತ್ರಿ ಹತ್ತಕ್ಕೆ ಇವ ಕಟ್ಟೆಯ ಮೇಲೆ ಹಾಜರು, ಅದೇ ನಾಲ್ಕು ಜನ. ಅವರಲ್ಲಿ ಒಬ್ಬ ಗೆದ್ದವರ ಕಡೆ, ಒಬ್ಬ ಸೋತವರ ಕಡೆ. ಒಬ್ಬ ಬಿದ್ದರೆ ಇನ್ನೊಬ್ಬ ಓಡಿ ಹೋಗಿ ಎಬ್ಬಿಸಬೇಕು, ಆಟದ ನಿಯಮ ಹಾಗೆ.

ನಾಲ್ವರಲ್ಲಿ ಒಬ್ಬ ಬ್ಯಾರಿ, ಒಬ್ಬ ಕ್ರಿಶ್ಚಿಯನ್, ಒಬ್ಬ ಬಿಲ್ಲವ, ಇವ ನಮ್ಮವ. 2025ರ ಮೇ 1ರ ರಾತ್ರಿ ಕಿನ್ನಿಪದವಿನಲ್ಲಿ ಕೊಲೆ ಆಗಿ, ಮಂಗಳೂರಿಗೆ ನಿಷೇಧಾಜ್ಞೆ ಬಂದು, ಒಬ್ಬರ ಬೀದಿಗೆ ಇನ್ನೊಬ್ಬರು ಹೋಗ್ಲಿಕ್ಕೆ ಹೆದರುತ್ತಿದ್ದಾಗ ಈ ನಾಲ್ವರು ಮನೆಯಲ್ಲೇ ಕೂತು ಇಯರ್‌ಫೋನಿನಲ್ಲಿ ಮಾತಾಡ್ತಿದ್ದರು. ಸೌಹಾರ್ದ ಸಭೆಗೆ ಶಾಮಿಯಾನ ಹಾಕಿಸುವ ನಾವು ಇದನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಗೇಮ್ ಅಂದರೆ ಜಾತಿ ಇಲ್ಲದ ಲೋಕ ಅಂತ ನಾನು ಹೇಳ್ತಿಲ್ಲ. ಐಡಿಯಲ್ಲೇ ಜಾತಿ ಹೆಸರು ಹಾಕಿಕೊಂಡು ಬರುವವರಿದ್ದಾರೆ. ಸೋತರೆ ವಾಯ್ಸ್ ಚಾಟ್‌ನಲ್ಲಿ ಬರುವ ಬೈಗುಳ ಯಾವುದು ಅಂತ ನಿಮಗೆ ಗೊತ್ತು, ಊರಿನಲ್ಲಿ ಬರುವುದೂ ಅದೇ. 2021ರಲ್ಲಿ ನಮ್ಮದೇ ಜಿಲ್ಲೆಯಲ್ಲಿ ಮಕ್ಕಳ ಆಟದ ಜಗಳ ಸಾವಿನಲ್ಲಿ ಮುಗಿದಿದೆ. ನಿದ್ದೆಗೆಟ್ಟು ಕೂರುವವರಿದ್ದಾರೆ, ಅವರಿಗೆ ಬುದ್ಧಿ ಹೇಳಿ, ನಾನೂ ಬರ್ತೇನೆ.

ಆದರೆ ಚಟದ ಬಗ್ಗೆಯೇ ಮಾತಾಡುವುದಾದರೆ ಒಂದು ದಿನಾಂಕ ಬರೆದಿಟ್ಟುಕೊಳ್ಳಿ: 2022ರ ಫೆಬ್ರವರಿ 14. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಕಲಮುಗಳನ್ನು ಹೈಕೋರ್ಟ್ ಅವತ್ತು ರದ್ದು ಮಾಡಿತು. ಕಂಪನಿಗಳು ಗೆದ್ದವು. ಅದೇ ದಿನ ಇನ್ನೊಂದು ಸುದ್ದಿ, ಕೇಂದ್ರ ಸರ್ಕಾರ 54 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಫ್ರೀ ಫೈರ್ ಕೂಡ. ಕಡಿಮೆ ರೇಟಿನ ಫೋನಿನಲ್ಲೂ ಓಡುವ, ದುಡ್ಡು ಕಟ್ಟದೆಯೂ ಆಡಬಹುದಾದ ಆಟ ಅದು. ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲೇ ಹೋಗಿತ್ತು. ದೇಶದ ಭದ್ರತೆಗೆ ಅಪಾಯ ಮೋರಿಕಟ್ಟೆಯಿಂದ, ರಮ್ಮಿ ಆ್ಯಪಿನಿಂದ ಅಲ್ಲ! ಹಣದ ಆಟಕ್ಕೆ ದೇಶಾದ್ಯಂತ ಬೀಗ ಬೀಳುವಾಗ 2025ರ ಆಗಸ್ಟ್ ಆಯ್ತು. ಆ ಮೂರೂವರೆ ವರ್ಷದಲ್ಲಿ ನಮ್ಮ ಬೀದಿಯ ಒಬ್ಬ ಆಟೋದವರು ಆಟೋವನ್ನೇ ಕಳಕೊಂಡರು. ಅಷ್ಟರ ತನಕ ಬೆಟ್ಟಿನ ಕಂಪನಿಯ ಹೆಸರು ಭಾರತ ಕ್ರಿಕೆಟ್ ತಂಡದ ಎದೆಯ ಮೇಲಿತ್ತು, ಡ್ರೀಮ್11 ಅಂತ. ಅದಕ್ಕೆ ಚಪ್ಪಾಳೆ, ಇವನಿಗೆ ಜಾಗೃತಿ ಅಭಿಯಾನ.

ಅದೇ 2024ರ ಏಪ್ರಿಲ್, ಮತದಾನಕ್ಕೆ ಕೆಲವೇ ದಿನ ಮೊದಲು ಪ್ರಧಾನಿ ಏಳು ಜನ ಗೇಮರ್‌ಗಳನ್ನು ಕರೆದು ಮಾತಾಡಿದರು. ವಿಆರ್ ಕನ್ನಡಕ ಹಾಕಿ ಆಡಿಯೂ ನೋಡಿದರು. ಆ ಏಳು ಜನರ ಮೇಲೆ ನನಗೆ ಸಿಟ್ಟಿಲ್ಲ, ಕಷ್ಟಪಟ್ಟು ಮೇಲೆ ಬಂದಿರಬಹುದು. ನನಗೆ ಕಂಡದ್ದು ಇಷ್ಟು. ಗೇಮರ್‌ಗೂ ಒಂದು ವೋಟಿದೆ ಅಂತ ಅವರಿಗೆ ಗೊತ್ತಾಗಿದೆ. ನಮಗೆ ಗೊತ್ತಾಗಿಲ್ಲ. ನಾವು ಇನ್ನೂ "ಫೋನ್ ಕಸಿದುಕೊಳ್ಳಿ" ಅಂತಿದ್ದೇವೆ.

ಬಾಬಾಸಾಹೇಬರ ಫೋಟೋ ಕೆಳಗೆ ಕೂತು ಈ ಠರಾವು ಪಾಸ್ ಮಾಡಿದ್ದು ನನಗೆ ಹೆಚ್ಚು ಬೇಸರ ಆದ ವಿಷಯ. 1945ರ ಪುಸ್ತಕದಲ್ಲಿ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬುದರಲ್ಲಿ, ಅವರು ಬಿಡುವಿನ ಬಗ್ಗೆ ಬರೆದದ್ದನ್ನು ತೆಗೆದು ಓದಿ. ಬಿಡುವಿಲ್ಲದವನಿಗೆ ಸಂಸ್ಕೃತಿ ಇಲ್ಲ, ಎಲ್ಲರಿಗೂ ಬಿಡುವು ಸಿಗಬೇಕಾದರೆ ಯಂತ್ರ ಬೇಕು, ಕೆಡುಕು ಯಂತ್ರದ್ದಲ್ಲ, ಅದರ ಲಾಭ ಕೆಲವರ ಕೈಯಲ್ಲೇ ಉಳಿಯುವ ಸಮಾಜದ್ದು, ಇದು ಅವರ ವಾದ. ಎಂಟು ಗಂಟೆ ಇನ್ನೊಬ್ಬರ ಕಕ್ಕಸು ತೊಳೆದು ಬಂದವನಿಗೆ ಒಂದೂವರೆ ಗಂಟೆ ಬಿಡುವು. ಅದರಲ್ಲೂ ಅವನು "ಉಪಯುಕ್ತ"ವಾದದ್ದೇ ಮಾಡಬೇಕು, ಕೆಎಎಸ್‌ಗೆ ಓದಬೇಕು, ಇಲ್ಲದಿದ್ದರೆ ನಮ್ಮ ಸಭೆಗೆ ಬಂದು ಕುರ್ಚಿ ಹಾಕಬೇಕು. ಮೇಲ್ಜಾತಿಯ ಹುಡುಗ ಸುಮ್ಮನೆ ಇರಬಹುದು, ನಮ್ಮವ ಸುಮ್ಮನೆ ಇರುವ ಹಾಗಿಲ್ಲ.

ಈಗ ಗುಮಾಸ್ತನ ಮಾತು. ಸ್ಥಳೀಯ ಸಂಸ್ಥೆಗಳ ನಿಧಿಯಲ್ಲಿ ಶೇ. 24.10 ಪರಿಶಿಷ್ಟರಿಗೆ ಮೀಸಲು. ಅದು ಯಾವಾಗಲೂ ಚರಂಡಿ, ಕಾಂಕ್ರೀಟು, ಬೀದಿದೀಪ ಅಂತಲೇ ಯಾಕೆ ಬರೆಯಬೇಕು? ಚರಂಡಿ ಎಲ್ಲರಿಗೂ ಬೇಕಾದದ್ದು, ಸಾಮಾನ್ಯ ನಿಧಿಯಿಂದ ಮಾಡಲಿ. ಗ್ರಾಮ ಪಂಚಾಯತ್‌ಗಳಲ್ಲಿ ಅರಿವು ಕೇಂದ್ರ ಅಂತ ಲೈಬ್ರರಿಗಳಿವೆ, ಚೆಸ್, ಕೇರಂ ಇಡ್ತಾರೆ. ಅಮೆರಿಕದ ಎಷ್ಟೋ ಸಾರ್ವಜನಿಕ ಲೈಬ್ರರಿಗಳಲ್ಲಿ ಪುಸ್ತಕದ ಹಾಗೆ ವಿಡಿಯೋ ಗೇಮ್ ಎರವಲು ಕೊಡ್ತಾರೆ, ಕಾರ್ಡಿಗೆ ನೋಂದಾಯಿಸಿ, ದಿನ ಹಾಕಿ. ನಮ್ಮ ಕಾಲನಿಯಲ್ಲಿ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಕನ್ಸೋಲ್, ವೈಫೈ, ಒಂದು ಎರವಲು ರಿಜಿಸ್ಟರ್. ಹುಡುಗಿಯರಿಗೆ ಸಂಜೆ ಬೇರೆ ಸಮಯ, ಯಾಕೆಂದರೆ ಮೋರಿಕಟ್ಟೆಯಲ್ಲಿ ಕೂರುವ ಭಾಗ್ಯ ವಾಚ್ ಹಿಡಿಯುವ ತಂಗಿಗೆ ಇವತ್ತಿಗೂ ಇಲ್ಲ. ರಿಜಿಸ್ಟರ್ ಬರೆಯುವ ಕೆಲಸ ಅವಳಿಗೇ ಕೊಡುವ ಅಂತ ನನ್ನ ಆಸೆ.

ಪಟ್ಟಣ ಪಂಚಾಯತ್‌ಗೆ ಅರ್ಜಿ ಟೈಪ್ ಮಾಡಿಟ್ಟಿದ್ದೇನೆ, ಎರಡು ಪುಟ, 24.10ರ ಉಲ್ಲೇಖ ಸಮೇತ. ಠರಾವಿಗೆ ಕೈ ಎತ್ತಿದವರೂ ಸಹಿ ಹಾಕಬಹುದು. ಶನಿವಾರ ಸಂಜೆ ಐದರ ನಂತರ ನಾನು ಮನೆಯಲ್ಲೇ ಇರ್ತೇನೆ. ಹಳೆ ಕನ್ಸೋಲ್ ಯಾರ ಅಟ್ಟದಲ್ಲಾದರೂ ಇದ್ದರೆ ತನ್ನಿ, ಅಡಾಪ್ಟರ್ ಮರೆಯಬೇಡಿ.