ಎಲ್ಲಿಗಾದರೂ ಒಂದು ಟಿಕೆಟ್

ಶಕ್ತಿ ಯೋಜನೆ ಬಂದಾಗಿನಿಂದ ನನ್ನ ಫೋನಿಗೆ ಅತಿ ಹೆಚ್ಚು ಸಲ ಬಂದಿರುವ ಜೋಕು ಇದು. ಹೆಂಗಸೊಬ್ಬಳು ಬಸ್ಸು ಹತ್ತುತ್ತಾಳೆ. ಕಂಡಕ್ಟರ್ 'ಎಲ್ಲಿಗಮ್ಮ?' ಅನ್ನುತ್ತಾನೆ. 'ಈ ಬಸ್ಸು ಎಲ್ಲಿಗೆ ಹೋಗುತ್ತಣ್ಣ?' 'ನೀವೆಲ್ಲಿಗೆ ಹೋಗಬೇಕು ಹೇಳಿ.' 'ಎಲ್ಲಿಗಾದ್ರೂ ಪರವಾಗಿಲ್ಲ, ಒಂದು ಕೊಡಿ.' ಇಷ್ಟೇ. ಇದಕ್ಕೆ ಹತ್ತಾರು ರೀಲುಗಳ ಅವತಾರ. ಬಹುಪಾಲು ರೀಲುಗಳಲ್ಲಿ ಹೆಂಗಸಿನ ಪಾತ್ರಕ್ಕೆ ಗಂಡಸೇ ನೈಲಾನ್ ಸೀರೆ ಸುತ್ತಿಕೊಂಡು, ಎದೆಗೆ ಟವೆಲ್ ತುರುಕಿಕೊಂಡು, ಕೀರಲು ದನಿ ತೆಗೆದಿರುತ್ತಾನೆ. ಕುಟುಂಬದ ಗುಂಪಿಗೆ ಚಿಕ್ಕಪ್ಪ ಕಳಿಸುತ್ತಾರೆ, ವಿಭಾಗದ ಗುಂಪಿಗೆ ನನ್ನ ಜೊತೆಯೇ ಸ್ತ್ರೀವಾದದ ಕೋರ್ಸ್‌ವರ್ಕ್ ಮುಗಿಸಿದ ಸಹಪಾಠಿ ಕಳಿಸುತ್ತಾನೆ. ಏನಾದರೂ ಹೇಳಲು ಹೋದರೆ ಉತ್ತರ ಸಿದ್ಧವಿದೆ: 'ತಮಾಷೆ ಕಣೇ, ಅದರಲ್ಲೂ ರಾಜಕೀಯ ಹುಡುಕ್ತೀಯಲ್ಲ!'

ಸರಿ, ತಮಾಷೆ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ನಗು ಎಲ್ಲಿಂದ ಬಂತು? ಅದೇ ಮಾತನ್ನು ಗಂಡಸಿನ ಬಾಯಲ್ಲಿ ಹೇಳಿಸಿ ನೋಡಿ. ಶನಿವಾರ ರಾತ್ರಿ ಹನ್ನೆರಡಕ್ಕೆ ಬೈಕ್ ತೆಗೆದು 'ಎಲ್ಲಿಗೋ ಗೊತ್ತಿಲ್ಲ ಮಚ್ಚಾ, ಸುಮ್ನೆ ಹೊರಟೆ' ಎನ್ನುವ ಹುಡುಗನನ್ನು ಕಂಡು ಯಾರೂ ನಗುವುದಿಲ್ಲ. ಅವನು ನಂದಿಬೆಟ್ಟಕ್ಕೆ ಹೋಗಿ ಮಂಜು ನೋಡಿ, ಬೋಂಡಾ ತಿಂದು ಬಂದರೆ ಅದು 'ಸೋಲೋ ರೈಡ್'. ಹಿನ್ನೆಲೆಯಲ್ಲಿ ಗಿಟಾರು ಬೇರೆ. ವಾರಾಂತ್ಯ ಬಂತೆಂದರೆ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಕಾರುಗಳು ಮೈಲುಗಟ್ಟಲೆ ನಿಂತಿರುತ್ತವೆ. ಅಲ್ಲಿ ಇವರಿಗೆಲ್ಲ ಏನು ಕೆಲಸ ಎಂದು ರೀಲು ಮಾಡಿದವರನ್ನು ನಾನು ಕಂಡಿಲ್ಲ. ಗುರಿಯಿಲ್ಲದೆ ಹೊರಟ ನಾಯಕ, ಒಂದು ಬೈಕು, ಒಂದು ಹೆದ್ದಾರಿ, ಒಂದು ಹಾಡು ನಮ್ಮ ಸಿನಿಮಾಗಳಿಗೆ ಬೇಜಾರೇ ಆಗಿಲ್ಲ.

ಇನ್ನೊಂದು ಜಾತಿಯ ರೀಲು ಇದೆ. ಹೆಂಡತಿ ಪುಕ್ಕಟೆ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದಾಳೆ. ಗಂಡ ಸ್ಟವ್ ಮುಂದೆ ನಿಂತು, ಅಕ್ಕಿಗೆ ಎಷ್ಟು ನೀರು ಹಾಕಬೇಕೆಂದು ತಿಳಿಯದೆ ಅಳುತ್ತಿದ್ದಾನೆ. ನಲವತ್ತು ದಾಟಿದ ಮನುಷ್ಯನಿಗೆ ಒಂದು ಹೊತ್ತಿನ ಅನ್ನ ಮಾಡಿಕೊಳ್ಳಲು ಬಾರದು ಎಂಬುದೇ ಇದರ ವಸ್ತು. ಕೆಳಗಿನ ಕಾಮೆಂಟುಗಳಲ್ಲಿ ಬೈಗುಳವೆಲ್ಲ ಹೆಂಡತಿಗೆ!

ನಮ್ಮಲ್ಲಿ ಒಂದು ಗಾದೆಯಿದೆ, ದೇಶ ಸುತ್ತಿ ನೋಡು ಕೋಶ ಓದಿ ನೋಡು ಅಂತ. ಶಾಲೆಯ ಗೋಡೆಗಳ ಮೇಲೆ ಬರೆಸಿರುತ್ತಾರೆ. ಇನ್ನೊಂದು ಗಾದೆಯನ್ನು ಗೋಡೆಗೆ ಬರೆಸುವುದಿಲ್ಲ, ಅಡುಗೆಮನೆಯಲ್ಲಿ ಹೇಳುತ್ತಾರೆ: ಕೂತು ಕೆಟ್ಟ ಗಂಡಸು, ತಿರುಗಿ ಕೆಟ್ಟ ಹೆಂಗಸು. ಶಕ್ತಿಯ ಜೋಕುಗಳೆಲ್ಲ ಈ ಎರಡನೆಯ ಗಾದೆಯ ಮರಿಗಳು. ಕನ್ನಡ ಓದುಗರಾದ ನಾವೂ ಇದರಿಂದ ಹೊರಗಿಲ್ಲ. ಕಾರಂತರ ತಿರುಗಾಟ ನಮಗೆ ಲೋಕಾನುಭವ. ತೇಜಸ್ವಿಯವರ ಪ್ರವಾಸದ ಪುಸ್ತಕದ ಹೆಸರಿನಲ್ಲೇ 'ಅಲೆಮಾರಿ' ಇದೆ, 'ಅಲೆಮಾರಿಯ ಅಂಡಮಾನ್'. ಅದನ್ನು ಎದೆಗೊತ್ತಿಕೊಂಡು ಓದಿದವರಲ್ಲಿ ನಾನೂ ಒಬ್ಬಳು. ಆದರೆ ಅದೇ ಪದವನ್ನು ಹೆಂಗಸಿಗೆ ಅಂಟಿಸಿ, ಅವಳ ಮುಂದೆ ಹೇಳಿ ನೋಡಿ. ಕಪಾಳಕ್ಕೆ ಬೀಳುತ್ತದೆ, ಬೀಳಬೇಕು ಕೂಡ. ಅವಳ ವಿಷಯದಲ್ಲಿ ಆ ಪದಕ್ಕೆ ನಾವು ಕೊಟ್ಟಿರುವ ಅರ್ಥವೇ ಬೇರೆ.

ದುಡ್ಡಿನ ಮಾತಿಗೆ ಬರೋಣ, ಏಕೆಂದರೆ ಜೋಕಿಗೆ ಸೋತವರು ಕೂಡಲೇ ಅಲ್ಲಿಗೆ ಹೋಗುತ್ತಾರೆ. 'ನಮ್ಮ ತೆರಿಗೆ ದುಡ್ಡು.' 2022ರ ಜುಲೈನಲ್ಲಿ ಪ್ರಧಾನಿ ಮೋದಿಯವರು 'ರೇವ್ಡಿ ಸಂಸ್ಕೃತಿ'ಯ ವಿರುದ್ಧ ಎಚ್ಚರಿಸಿದ್ದು ಉತ್ತರಪ್ರದೇಶದಲ್ಲಿ, ಸುಮಾರು 14,850 ಕೋಟಿ ರೂಪಾಯಿಯ ಬುಂದೇಲ್‌ಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸುವಾಗ. ಎರಡು ವರ್ಷ ಕಳೆಯುವಷ್ಟರಲ್ಲಿ ಮಹಾರಾಷ್ಟ್ರದಲ್ಲಿ ಅವರದೇ ಪಕ್ಷವಿದ್ದ ಸರ್ಕಾರ ಮಹಿಳೆಯರ ಖಾತೆಗೆ ತಿಂಗಳಿಗೆ 1500 ರೂಪಾಯಿ ಹಾಕತೊಡಗಿತು. ಹೋಗಲಿ, ಪಕ್ಷಗಳ ಮಾತು ನನಗೆ ಬೇಡ. ನನಗೆ ಬೇಕಿರುವುದು ಒಂದೇ ವಿವರಣೆ. ಸರ್ಕಾರ ರಸ್ತೆ ಹಾಕಿ, ಮೇಲ್ಸೇತುವೆ ಕಟ್ಟಿ, ಬೆಂಗಳೂರಿನ ಬೀದಿಬದಿಯಲ್ಲಿ ಕಾರನ್ನು ದಿನವಿಡೀ ಪುಕ್ಕಟೆ ನಿಲ್ಲಿಸಿಕೊಳ್ಳಲು ಜಾಗ ಬಿಟ್ಟರೆ ಅದು ಅಭಿವೃದ್ಧಿ. ಆ ರಸ್ತೆಯ ಮೇಲೆ ಓಡುವ ಕೆಂಪು ಬಸ್ಸಿನಲ್ಲಿ ಒಬ್ಬಳಿಗೆ ಸೀಟು ಕೊಟ್ಟರೆ ಅದು ಬಿಟ್ಟಿ. ಹೇಗೆ? ಐರಾವತ, ರಾಜಹಂಸಗಳಲ್ಲಿ ಈ ಟಿಕೆಟ್ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ. ಪುಕ್ಕಟೆ ಇರುವುದು ಕಿಟಕಿ ಗಡಗಡ ಎನ್ನುವ ಬಸ್ಸುಗಳಲ್ಲಿ ಮಾತ್ರ.

ಆದರೆ ನನ್ನ ಸಿಟ್ಟು ಹೆಚ್ಚಿರುವುದು ಯೋಜನೆಯನ್ನು ಸಮರ್ಥಿಸುವ ನನ್ನದೇ ಗೆಳೆಯರ ಮೇಲೆ. ಜೋಕು ಬಂದ ತಕ್ಷಣ ಇವರು ಸಾಕ್ಷಿಗಳನ್ನು ಕರೆತಂದು ಕಟಕಟೆಗೆ ನಿಲ್ಲಿಸುತ್ತಾರೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು, ನಾಲ್ಕು ಮನೆ ಕಸ ಮುಸುರೆ ಮಾಡುವ ತಾಯಿ, ಡಯಾಲಿಸಿಸ್‌ಗೆ ಜಿಲ್ಲಾಸ್ಪತ್ರೆಗೆ ಹೋಗುವ ಅಜ್ಜಿ, ಪಿಯುಸಿ ಓದುವ ಹುಡುಗಿ. ತಿಂಗಳಿಗೆ ಇಷ್ಟು ಉಳಿಯಿತು, ಆ ದುಡ್ಡು ಮಕ್ಕಳ ಫೀಸಿಗಾಯಿತು. ಇದೆಲ್ಲ ನಿಜ, ನಾನು ದಿನಾ ಕಾಣುವ ನಿಜ. ಆದರೂ ಈ ವಾದ ಮಾಡುವಾಗ ಅವರು ಎದುರಾಳಿಯ ಪ್ರಶ್ನೆಯನ್ನು ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತಾರೆ. 'ಅವಳಿಗೆ ಹೊರಗೇನು ಕೆಲಸ?' ಎಂದು ಅವನು ಕೇಳಿದ. ಇವರು ಕೆಲಸದ ಪಟ್ಟಿ ಕೊಟ್ಟರು! ಕೇಳಲು ನೀನ್ಯಾರು ಎಂದು ಯಾರೂ ಹೇಳಲಿಲ್ಲ. ಇನ್ನು ಮುಂದೆ ಬಸ್ಸು ಹತ್ತುವ ಪ್ರತಿ ಹೆಂಗಸೂ ಬಡವಿಯೋ ರೋಗಿಯೋ ತ್ಯಾಗಮಯಿಯೋ ಆಗಿರಬೇಕು. ಹೂ ಮುಡಿದುಕೊಂಡು, ಗೆಳತಿಯರ ಜೊತೆ ಗಟ್ಟಿಯಾಗಿ ನಗುತ್ತ ಹತ್ತಿದವಳ ಪರವಾಗಿ ವಾದಿಸಲು ಯಾರೂ ಇಲ್ಲ.

ಮುಂಬಯಿಯ ಹೆಂಗಸರ ಬಗ್ಗೆ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ 2011ರಲ್ಲಿ 'ವೈ ಲಾಯ್ಟರ್?' ಎಂಬ ಪುಸ್ತಕ ತಂದರು. ಕೆಲಸವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಇರುವುದೇ ಹಕ್ಕು ಎಂಬುದು ಅವರ ವಾದ. ನಮ್ಮ ವಿಭಾಗದ ಸೆಮಿನಾರುಗಳಲ್ಲಿ ಇದನ್ನು ಉಲ್ಲೇಖಿಸದ ಪ್ರಬಂಧ ಅಪರೂಪ. ಸೆಮಿನಾರ್ ಮುಗಿಸಿ ಊಟಕ್ಕೆ ಕೂತಾಗ ಅದೇ ಪ್ರಬಂಧಕಾರರು, 'ಏನೇ ಹೇಳಿ, ವೀಕೆಂಡಲ್ಲಿ ಈ ಲೇಡೀಸ್ ರಶ್ ಅತಿಯಾಯ್ತು' ಅನ್ನುತ್ತಾರೆ. ಉಲ್ಲೇಖಕ್ಕೆ ಅಂಕವಿದೆ, ರಶ್ಶಿಗೆ ಇಲ್ಲವಲ್ಲ.

ನನ್ನ ದೊಡ್ಡಮ್ಮನ ಊರು ಚನ್ನರಾಯಪಟ್ಟಣದ ಹತ್ತಿರ. ಅವರ ಗದ್ದೆಗೆ ಬರುವುದು ಹೇಮಾವತಿ ನಾಲೆಯ ನೀರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ನೀರಿನಲ್ಲಿ ನಾಟಿ ಹಾಕಿದ ಹೆಂಗಸು ಗೊರೂರಿನ ಅಣೆಕಟ್ಟೆ ನೋಡಿರಲಿಲ್ಲ. ಹಾಸನಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು, ಅಷ್ಟೇ ದೂರ. ದೊಡ್ಡಪ್ಪ ನೋಡಿದ್ದರು, ಒಂದಲ್ಲ ಹತ್ತು ಸಲ, ಗೆಳೆಯರ ಜೊತೆ. ಶಕ್ತಿ ಶುರುವಾದದ್ದು 2023ರ ಜೂನ್ 11ಕ್ಕೆ. ಅದರ ಮರುವರ್ಷದ ಮಳೆಗಾಲದಲ್ಲಿ ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು, ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ದೊಡ್ಡಮ್ಮ ಹೋಗಿ ಬಂದರು. ಆಧಾರ್ ಕಾರ್ಡು ತೋರಿಸಿ ತೆಗೆದುಕೊಂಡ ಶೂನ್ಯ ಟಿಕೆಟನ್ನು ಪರ್ಸಿನಲ್ಲಿ ಮಡಿಸಿಟ್ಟುಕೊಂಡಿದ್ದಾರೆ. ಮನೆಯಲ್ಲಿ ಕೇಳಿದರಂತೆ, ಅಲ್ಲೇನಿತ್ತು ಕೆಲಸ ಅಂತ. 'ನೀರು ನೋಡಕ್ಕೆ ಹೋಗಿದ್ದೆ' ಅಂದರಂತೆ. ಸಮರ್ಥಕರ ಯಾವ ಪಟ್ಟಿಯಲ್ಲೂ ಇದಕ್ಕೆ ಕಾಲಂ ಇಲ್ಲ. ಉಳಿತಾಯವಲ್ಲ, ಸಬಲೀಕರಣವೆಂದರೆ ದೊಡ್ಡಮ್ಮನೇ ನಗುತ್ತಾರೆ, ದೇವಸ್ಥಾನದ ಪುಣ್ಯವೂ ಅಲ್ಲ. ನೀರು ನೋಡಿದರು, ತಿಂಡಿ ತಿಂದರು, ಕತ್ತಲಾಗುವ ಮುಂಚೆ ಮನೆ ಸೇರಿದರು.

ಬಸ್ಸುಗಳಲ್ಲಿ ಕಷ್ಟವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಬಸ್ಸು ತುಂಬಿ, ನಿಲ್ಲಿಸದೆ ಹೋಗಿ, ಕಾಲೇಜು ಮಕ್ಕಳು ರಸ್ತೆಯಲ್ಲೇ ಉಳಿಯುವುದನ್ನು ನಾನೂ ನೋಡಿದ್ದೇನೆ. 2025ರ ಜನವರಿಯಲ್ಲಿ ಶೇ 15ರಷ್ಟು ದರ ಏರಿಸಿದರು. ದುಡ್ಡು ಕೊಟ್ಟು ನಿಂತುಕೊಂಡೇ ಹೋಗುವ ಕೂಲಿಯವನ ಗೊಣಗಾಟದಲ್ಲಿ ನ್ಯಾಯವಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಸಾರಿಗೆ ನೌಕರರು ಹಿಂಬಾಕಿ ವೇತನಕ್ಕಾಗಿ ಮುಷ್ಕರಕ್ಕಿಳಿದರು. ಅದಕ್ಕೆ ಮೂರು ವಾರ ಮುಂಚೆ, ಜುಲೈ 14ರಂದು, ಮುಖ್ಯಮಂತ್ರಿಗಳು ಐನೂರು ಕೋಟಿಯ ಟಿಕೆಟನ್ನು ತಾವೇ ಹರಿದುಕೊಟ್ಟು ಫೋಟೋ ತೆಗೆಸಿಕೊಂಡಿದ್ದರು. ಟಿಕೆಟ್ ಎಣಿಸಿದ ಸಂಭ್ರಮದಲ್ಲಿ ಬಸ್ಸು ಎಣಿಸಬೇಕಿತ್ತು. ಹೆಚ್ಚು ಬಸ್ಸು ಬಿಡಿ, ಕಂಡಕ್ಟರುಗಳ ಸಂಬಳ ಕೊಡಿ ಎಂದು ಜಗಳ ಮಾಡುವುದಾದರೆ ನಾನು ಜೊತೆಗಿದ್ದೇನೆ. ಆದರೆ ಆ ಜಗಳ ವಿಧಾನಸೌಧದ ಜೊತೆ. ಅದನ್ನು ಪಕ್ಕದ ಸೀಟಿನಲ್ಲಿ ಕೂತ ಹೆಂಗಸಿನ ಜೊತೆ ಆಡುವುದು ಸುಲಭ, ಆಡಿದರೆ ಲೈಕೂ ಸಿಗುತ್ತವೆ.

ನಿಜವಾಗಿ ತಿರುಗಾಡಲು ಹೊರಟ ಹೆಂಗಸಿಗೆ ಅಡ್ಡಿಯಾಗುವುದು ಟಿಕೆಟ್ ದರವೊಂದೇ ಅಲ್ಲ. ದೊಡ್ಡಮ್ಮನ ಊರಿಗೆ ಕೊನೆಯ ಬಸ್ಸು ಸಂಜೆ ಆರೂವರೆಗೆ, ಅದು ತಪ್ಪಿದರೆ ಯಾರಾದರೂ ಗಂಡಸಿಗೆ ಫೋನ್ ಮಾಡಬೇಕು. ನಾನು ಇಳಿದು ಹತ್ತುವ ಎಷ್ಟೋ ನಿಲ್ದಾಣಗಳ ಶೌಚಾಲಯದಲ್ಲಿ ಗಂಡಸರು ಮೂತ್ರಕ್ಕೆ ದುಡ್ಡು ಕೊಡದೆ ಹೋಗಿ ಬರುತ್ತಾರೆ. ಹೆಂಗಸರ ಬಾಗಿಲಲ್ಲಿ ಮಾತ್ರ ಮೇಜು ಹಾಕಿಕೊಂಡು ಒಬ್ಬ ಕೂತಿರುತ್ತಾನೆ. ಶೂನ್ಯ ಟಿಕೆಟ್ ಹಿಡಿದು ಅಷ್ಟು ದೂರ ಬಂದವಳ ಕೈಯಿಂದ ಅಲ್ಲಿ ಐದೋ ಹತ್ತೋ ರೂಪಾಯಿ ಇಸಿದುಕೊಳ್ಳುತ್ತಾನೆ. ಚಿಲ್ಲರೆ ಇಲ್ಲದಿದ್ದರೆ ಪಕ್ಕಕ್ಕೆ ನಿಲ್ಲಿಸುತ್ತಾನೆ. ಈ ದೃಶ್ಯದ ಮೇಲೆ ಇನ್ನೂ ಒಂದೂ ರೀಲು ನನ್ನ ಫೋನಿಗೆ ಬಂದಿಲ್ಲ.