ಗಾಳಿಯ ಗ್ರಂಥಪಾತ

ಓಲೆಗರಿಯ ಪ್ರತಿಯನ್ನು ಸಂಪಾದಿಸುವವನಿಗೆ ಹುಳು ತಿಂದ ಭಾಗ ಎದುರಾದಾಗ ಎರಡು ದಾರಿಗಳಿವೆ. ತನಗೆ ತೋಚಿದ ಪಾಠವನ್ನು ಮೂಲದ ಮಾತೆಂಬಂತೆ ಸೇರಿಸಿಬಿಡುವುದು ಒಂದು. ಊಹೆಯನ್ನು ಊಹೆಯೆಂದೇ ಕಂಸದಲ್ಲಿಟ್ಟು, ಬೇರೆ ಪ್ರತಿಗಾಗಿ ಅರಸುತ್ತಿರುವುದು ಇನ್ನೊಂದು. ವಿದ್ವತ್ತಿನ ಮಾನ ಉಳಿಯುವುದು ಎರಡನೆಯದರಿಂದ. ಇಂತಹ ಗ್ರಂಥಪಾತವೊಂದು ಆಕಾಶದಲ್ಲಿಯೂ ಇದೆ.

ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದವರೆಗೆ ಬೆಲೂನುಗಳು ಏರಿ ಗಾಳಿಯ ಸುದ್ದಿ ತರುತ್ತವೆ. 80ರಿಂದ 100 ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುವ ಉಲ್ಕೆಗಳ ಜಾಡನ್ನು ಹಿಡಿದು ರಾಡಾರ್ ಅಲ್ಲಿಯ ಗಾಳಿಯನ್ನು ತಿಳಿಸುತ್ತದೆ. ನಡುವಣ ಪ್ರದೇಶವು ಬೆಲೂನಿಗೆ ನಿಲುಕದಷ್ಟು ಮೇಲೆ, ಉಪಗ್ರಹ ಸಂಚರಿಸಲಾಗದಷ್ಟು ಕೆಳಗೆ. ಅಲ್ಲಿಯ ಗಾಳಿಯನ್ನು ಬಹುಮಟ್ಟಿಗೆ ಲೆಕ್ಕದಿಂದಲೇ ತುಂಬಿಕೊಳ್ಳಬೇಕಾಗಿದೆ.

ಅಷ್ಟು ಎತ್ತರದ ಗಾಳಿಯಿಂದ ನಮಗೇನು ಎಂದು ಕೇಳಬಹುದು. ಧ್ರುವದ ಚಳಿಗಾಲದಲ್ಲಿ, ಸೂರ್ಯನೇ ಮೂಡದ ಆ ದೀರ್ಘರಾತ್ರಿಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಮಹಾಸುಳಿಯೊಂದು ಧ್ರುವವನ್ನು ಸುತ್ತುತ್ತದೆ. ಅದರ ವೇಗ ಸೆಕೆಂಡಿಗೆ 100 ಮೀಟರುಗಳನ್ನು, ಎಂದರೆ ಗಂಟೆಗೆ 360 ಕಿಲೋಮೀಟರುಗಳನ್ನು, ಮೀರುವುದುಂಟು. ಕೆಳಗಿನ ವಾಯುಮಂಡಲದಿಂದೇಳುವ ಅಲೆಗಳು ಒಮ್ಮೊಮ್ಮೆ ಮೇಲೇರಿ ಈ ಸುಳಿಗೆ ಬಡಿದು ಅದನ್ನು ತಡೆಯುತ್ತವೆ; ಗಾಳಿ ಹಿಮ್ಮುಖವಾಗಿ ಬೀಸತೊಡಗುತ್ತದೆ; ಕೆಲವೇ ದಿನಗಳಲ್ಲಿ ಅಲ್ಲಿಯ ಉಷ್ಣತೆ ಹತ್ತಾರು ಡಿಗ್ರಿ ಏರುತ್ತದೆ. ಈ ಸೋಜಿಗವನ್ನು 1952ರಲ್ಲಿ ಬರ್ಲಿನ್ನಿನ ಬೆಲೂನುಗಳ ವರದಿಯಲ್ಲಿ ಮೊದಲು ಗುರುತಿಸಿದವನು ರಿಚರ್ಡ್ ಶೆರ್‌ಹಾಗ್. 2018ರ ಫೆಬ್ರವರಿಯಲ್ಲಿ ಸುಳಿ ಹೀಗೆ ಮುರಿದುಬಿದ್ದ ಕೆಲವು ವಾರಗಳೊಳಗೆ ಯೂರೋಪು ಪೂರ್ವದಿಂದ ನುಗ್ಗಿದ ಘೋರ ಶೀತದಲ್ಲಿ ನಡುಗಿತು. ಪ್ರತಿಸಲವೂ ಹೀಗಾಗುವುದಿಲ್ಲ, ನಿಜ. ಆದರೆ ಮೇಲಿನ ಬದಲಾವಣೆ ಮೊದಲು, ಕೆಳಗಿನ ಪರಿಣಾಮ ಆಮೇಲೆ ಎಂದಾದರೆ, ಮೇಲೆ ಕಣ್ಣಿಡುವುದು ವ್ಯರ್ಥವಲ್ಲ.

ಹಾಗೆ ಕಣ್ಣಿಟ್ಟಿರುವ ಸ್ಥಳಗಳಲ್ಲಿ ಒಂದು, ಉತ್ತರ ಅಕ್ಷಾಂಶ 69ರ ಬಳಿಯಿರುವ ನಾರ್ವೆಯ ಆಂಡೊಯಾ ದ್ವೀಪ. 1962ರಿಂದ ಅಲ್ಲಿ ರಾಕೆಟ್ಟುಗಳು ಹಾರುತ್ತಿವೆ. 1994ರಲ್ಲಿ ಅಲ್ಲಿ ವೀಕ್ಷಣಾಲಯವೊಂದು ಆರಂಭವಾಯಿತು. ಅಲ್ಲಿಂದ ಲೇಸರ್ ಕಿರಣವನ್ನು ಮೇಲಕ್ಕೆ ಬಿಟ್ಟು, ಚದರಿ ಮರಳುವ ಬೆಳಕಿನ ಬಣ್ಣ ಎಷ್ಟು ಸರಿಯಿತೆಂಬುದರಿಂದ ಗಾಳಿಯನ್ನು ಅಳೆಯುತ್ತಾರೆ. ಸಮೀಪಿಸುವ ರೈಲಿನ ಕೂಗು ಏರಿ, ಅಗಲುವ ರೈಲಿನ ಕೂಗು ಇಳಿಯುವಂತೆಯೇ ಇದು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ರಚಿಸಿದ ಯಂತ್ರವಾದರೋ ಬೆಳಕನ್ನು ಬಿಡುವುದೇ ಇಲ್ಲ. ಓಜೋನ್ ತಾನಾಗಿ ಹೊಮ್ಮಿಸುವ ಸೂಕ್ಷ್ಮ ರೇಡಿಯೋ ತರಂಗಗಳನ್ನು ಆಲಿಸಿ, ಸುಮಾರು 30ರಿಂದ 75 ಕಿಲೋಮೀಟರುಗಳ ನಡುವಣ ಗಾಳಿಯನ್ನು ಹೇಳುತ್ತದೆ.

ಯಾವ ಸಾಕ್ಷಿಯೂ ಪರಿಪೂರ್ಣವಲ್ಲ. ರಾಕೆಟ್ಟಿನದು ಒಂದು ಗಳಿಗೆಯ ಸಾಕ್ಷಿ. ಲೇಸರಿನದು ತಿಳಿಯಾದ ಆಕಾಶದ ಸಾಕ್ಷಿ. ರೇಡಿಯೋ ಯಂತ್ರದ್ದು ಹಲವು ಗಂಟೆಗಳ ಸರಾಸರಿಯ ಸಾಕ್ಷಿ. ಗಾಳಿಯನ್ನು ಅಳೆಯಲೆಂದೇ 2018ರಲ್ಲಿ ಯೂರೋಪು ಹಾರಿಸಿದ ಇಯೋಲಸ್ ಉಪಗ್ರಹದ ನೋಟ ಸುಮಾರು 30 ಕಿಲೋಮೀಟರಿಗೆ ನಿಂತಿತು. 2023ರಲ್ಲಿ ಅದೂ ಮುಗಿಯಿತು. ಇತ್ತ, ಎತ್ತರ ಹೆಚ್ಚಿದಂತೆ ಲೆಕ್ಕಕ್ಕೂ ಅಳತೆಗೂ ನಡುವಣ ಅಂತರ ಹೆಚ್ಚುವುದು ಹೋಲಿಕೆಗಳಿಂದ ತಿಳಿದುಬಂದಿದೆ.

ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಊಹಾಪಾಠವಿಲ್ಲದೆ ಎಷ್ಟೋ ಕಾವ್ಯಗಳನ್ನು ಇಂದು ಓದುವಂತೆಯೇ ಇರಲಿಲ್ಲ. ಆದರೆ ಅಂದವಾದ ನಕ್ಷೆ ಕೈಗೆ ಬಂದೊಡನೆ, ಅದರಲ್ಲಿ ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು ಎಂಬ ವಿವೇಚನೆ ಮಾಯವಾಗುತ್ತದೆ. ಅಳೆಯುವವನಿಗೆ ಹಣ ಕೊಡುವ ಕೈಯೂ ಹಿಂದೆಗೆಯುತ್ತದೆ. ಒಂದೇ ಸ್ಥಳದಲ್ಲಿ ನಿಂತು, ಏನೂ ವಿಶೇಷ ನಡೆಯದ ಚಳಿಗಾಲಗಳಲ್ಲಿಯೂ ಬಿಡದೆ ಅಳೆಯುವವನಿಂದಲೇ ವಿಶೇಷ ನಡೆದ ಚಳಿಗಾಲದ ಅರ್ಥ ನಮಗಾಗುವುದು. ಕಂಸವನ್ನು ಅಳಿಸುವ ಅಧಿಕಾರ ದೊರೆತ ಪ್ರತಿಗೆ ಉಂಟು; ಬೇಸತ್ತ ಸಂಪಾದಕನಿಗೆ ಇಲ್ಲ.