ಉಷ್ಣ ಅಲ್ಲ ಮಾರಾಯ್ರೇ!

ಈ ವಿಷಯ ಬರೆಯೋದಾ ಬೇಡವಾ ಅಂತ ಬಹಳ ದಿನ ಯೋಚಿಸಿದೆ. ಮನೆಯವರೂ ಈ ಬ್ಲಾಗ್ ಓದ್ತಾರೆ. ಇರಲಿ, ಬರೆದೇ ಬಿಡ್ತೀನಿ.

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಗಾ, ಯಾರಿಗೂ ಹೇಳ್ಬೇಡ" ಅಂತಲೇ ಶುರು. ಮೂರು ವಾರದ ಹಿಂದೆ ಒಬ್ಬರ ಜೊತೆ ಮಲಗಿದ್ದನಂತೆ, ಕಾಂಡೋಮ್ ಇಲ್ಲದೆ. ಈಗ 'ಅಲ್ಲಿ' ಒಂದು ಹುಣ್ಣು. ನೋವಿಲ್ಲ, ಉರಿಯಿಲ್ಲ. ನಾನು ದೊಡ್ಡ ಡಾಕ್ಟರ ಹಾಗೆ ಹೇಳಿದೆ: "ಉಷ್ಣ ಆಗಿರತ್ತೆ ಕಣೋ, ಎಳನೀರು ಕುಡಿ."

ಕೆಲವು ವಾರದಲ್ಲಿ ಹುಣ್ಣು ತಾನಾಗೇ ಮಾಯವಾಯ್ತು. ಇಬ್ಬರೂ ನಿರಾಳ. ಅವನಿಗೆ ನಿಶ್ಚಿತಾರ್ಥವೂ ಆಯ್ತು. ಆಮೇಲೆ ಅಂಗೈ, ಅಂಗಾಲಿನಲ್ಲಿ ಕೆಂಪು ಕಲೆಗಳು ಎದ್ದವು. ಚರ್ಮದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಿಫಿಲಿಸ್!

ಆ ರೋಗದ ಮೋಸವೇ ಅದು. ಮೊದಲ ಹುಣ್ಣಿಗೆ ನೋವಿರಲ್ಲ, ಔಷಧಿ ಕೊಡದಿದ್ದರೂ ವಾಸಿಯಾಗುತ್ತೆ. ರೋಗ ಮಾತ್ರ ರಕ್ತದಲ್ಲೇ ಉಳಿಯುತ್ತೆ. ಹಾಗೇ ಮದುವೆಯಾಗಿದ್ದರೆ ಹೆಂಡತಿಗೆ, ಅವಳಿಂದ ಹೊಟ್ಟೆಯಲ್ಲಿರೋ ಮಗುವಿಗೂ ಹೋಗಬಹುದಿತ್ತು. ನನ್ನ ಎಳನೀರಿನ ಸಲಹೆಯಿಂದ! ಚಿಕಿತ್ಸೆ ಏನು ಗೊತ್ತಾ? ಪೆನಿಸಿಲಿನ್ ಇಂಜೆಕ್ಷನ್. 1943ರಿಂದಲೂ ಈ ರೋಗಕ್ಕೆ ಕೊಡ್ತಾ ಇರೋ ಹಳೇ ಔಷಧಿ.

ಬಸ್‌ಸ್ಟ್ಯಾಂಡ್ ಶೌಚಾಲಯದ ಗೋಡೆಗಳಲ್ಲಿ 'ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ' ಅಂತ ಚೀಟಿ ಅಂಟಿಸಿರ್ತಾರಲ್ಲ, ನೋಡಿರ್ತೀರಿ. ನನ್ನ ಪ್ರಕಾರ ಆ 'ಗುಪ್ತ' ಅನ್ನೋ ಪದವೇ ಅರ್ಧ ರೋಗ. ಗುಪ್ತವಾಗಿ ಇಟ್ಟಿದ್ದಕ್ಕೇ ಜನ ಲಾಡ್ಜ್ ರೂಮಿನ ವೈದ್ಯರ ಹತ್ರ ದುಡ್ಡು ಸುರೀತಾರೆ, ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಕ್ಕ ಮಾತ್ರೆ ನುಂಗ್ತಾರೆ. ಹೆಂಗಸರ ಪಾಡು ಇನ್ನೂ ಕಷ್ಟ. ಗೊನೋರಿಯಾ, ಕ್ಲಮೀಡಿಯಾ ಇದ್ದರೂ ಎಷ್ಟೋ ಜನಕ್ಕೆ ಲಕ್ಷಣವೇ ಕಾಣಲ್ಲ. ಕಂಡರೂ 'ಬಿಳಿ ಸೆರಗು, ಎಲ್ಲರಿಗೂ ಇರತ್ತೆ' ಅಂತ ಬಾಯಿ ಮುಚ್ಚಿಸ್ತೀವಿ.

ನನಗೆ ತಡವಾಗಿ ಗೊತ್ತಾಗಿದ್ದನ್ನ ನಿಮಗೆ ಹೇಳ್ತೀನಿ. ಎಚ್‌ಐವಿ ಭಯ ಇದ್ದರೆ ತಡೆಯೋ ಮಾತ್ರೆ ಇದೆ. ಆದರೆ 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೇದು, 28 ದಿನ ಬಿಡದೆ ನುಂಗಬೇಕು. ಮರುದಿನವೇ ಪರೀಕ್ಷೆ ಮಾಡಿಸಿ 'ನೆಗೆಟಿವ್' ಅಂತ ಕುಣಿಯೋ ಹಾಗಿಲ್ಲ. ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿದರೇ ಖಾತ್ರಿ. ಜಿಲ್ಲಾ ಆಸ್ಪತ್ರೆಗಳ ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಪಕ್ಕದಲ್ಲೇ 'ಸುರಕ್ಷಾ ಕ್ಲಿನಿಕ್' ಇರುತ್ತೆ. 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತೆ. ನಿಮ್ಮ ಎಚ್‌ಐವಿ ವಿಷಯ ಗುಟ್ಟಾಗಿಡಬೇಕು ಅಂತ 2017ರ ಕಾಯ್ದೆಯೇ ಇದೆ. ಮತ್ತೆ, ಚಿಕಿತ್ಸೆ ಒಬ್ಬರಿಗಲ್ಲ, ಜೊತೆಗಿದ್ದವರಿಗೂ ಆಗಬೇಕು.

ನನ್ನ ಗೆಳೆಯ ಆ ಇನ್ನೊಬ್ಬರಿಗೂ ಫೋನ್ ಮಾಡಿ ಹೇಳಿದ. ಹುಡುಗಿಗೂ ಹೇಳಿದ. ಮದುವೆ ಆರು ತಿಂಗಳು ಮುಂದೆ ಹೋಯ್ತು, ಮುರಿಯಲಿಲ್ಲ. ಅವನ ಧೈರ್ಯಕ್ಕೆ ನನ್ನದೊಂದು ಸಲಾಂ.

ನೀತಿ ಪಾಠ ಹೇಳೋಕೆ ನಾನು ಯಾರು? ಇಷ್ಟೇ ಕೇಳೋದು: ನಾಳೆ ನಿಮ್ಮ ಗೆಳೆಯನೋ ಗೆಳತಿಯೋ ಹೀಗೆ ಫೋನ್ ಮಾಡಿದರೆ, ದಯವಿಟ್ಟು ಎಳನೀರು ಕುಡಿ ಅನ್ನಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ನೀವೇನಂತೀರಿ?